ಸರದಿಯ ಸಮರ ಮತ್ತು ಹಾಸ್ಯ: ಒಂದು ಕೈಯಂತ್ರದ ಆಟದ ಐತಿಹಾಸಿಕ ಪರಿಶೀಲನೆ

ಗಂಭೀರವಾದುದು ಮಾತ್ರವೇ ಚರಿತ್ರೆಗೆ ಆಕರವಾಗಬಲ್ಲುದೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಶಾಸನ, ನಾಣ್ಯ, ದಫ್ತರಗಳಿಗೆ ಸಲ್ಲುವ ಗೌರವವು ವಿನೋದಕ್ಕೆ ಸಲ್ಲುವುದಿಲ್ಲ. ಆದರೆ ಒಂದು ಕಾಲದ ಜನರು ಯಾವುದನ್ನು ಕಂಡು ನಕ್ಕರೆಂಬುದೂ ಆ ಕಾಲದ ಚರಿತ್ರೆಯೇ ಆಗಿದೆ. ಈ ದೃಷ್ಟಿಯಿಂದ, 2003ರ ನವೆಂಬರಿನಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ‘ಗೇಮ್ ಬಾಯ್ ಅಡ್ವಾನ್ಸ್’ ಎಂಬ ಕೈಯಂತ್ರಕ್ಕಾಗಿ ಪ್ರಕಟಿಸಿದ ‘ಮಾರಿಯೋ ಅಂಡ್ ಲುಯಿಜಿ: ಸೂಪರ್‌ಸ್ಟಾರ್ ಸಾಗಾ’ ಎಂಬ ವಿಡಿಯೋ ಆಟವನ್ನು ಇಲ್ಲಿ ಪರಿಶೀಲಿಸಲಾಗಿದೆ. ಇದನ್ನು ರಚಿಸಿದವರು ಆಲ್ಫಾಡ್ರೀಮ್ ಸಂಸ್ಥೆಯವರು.

ಮೊದಲು ಇದರ ವಂಶಾವಳಿಯನ್ನು ನೋಡೋಣ. ಇಬ್ಬರು ಎದುರಾಳಿಗಳು ಸರದಿಯಂತೆ ನಡೆಯಿಡುವ ಪದ್ಧತಿ ಚದುರಂಗದಷ್ಟು ಹಳೆಯದು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ಫಾನ್ ರೈಸ್‌ವಿಟ್ಸ್ ಸೈನ್ಯಶಿಕ್ಷಣಕ್ಕಾಗಿ ಯುದ್ಧಕ್ರೀಡೆಯೊಂದರ ನಿಯಮಗಳನ್ನು ಪ್ರಕಟಿಸಿದನು. ಇಂತಹ ಯುದ್ಧಕ್ರೀಡೆಗಳ ಪರಂಪರೆಯಿಂದಲೇ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಪಾತ್ರ ವಹಿಸಿ ಆಡುವ ಆಟವನ್ನು ರೂಪಿಸಿದರು. ಅದು ಗಣಕಯಂತ್ರವನ್ನು ಪ್ರವೇಶಿಸಿತು. 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಮೂಲಕ ಜಪಾನಿನ ಮನೆಮನೆಯನ್ನೂ ಸೇರಿತು. ಸೈನಿಕರ ಪಾಠವಾಗಿದ್ದುದು ಹೀಗೆ ಮಕ್ಕಳ ಆಟವಾಯಿತು.

ಈ ಬಗೆಯ ಆಟಗಳಲ್ಲಿ ಆಡುವವನು ಪಟ್ಟಿಯಿಂದ ಒಂದು ಆಜ್ಞೆಯನ್ನು ಆರಿಸುತ್ತಾನೆ. ಫಲವನ್ನು ಯಂತ್ರವು ಲೆಕ್ಕಹಾಕಿ ತಿಳಿಸುತ್ತದೆ. ಶತ್ರುವಿನ ಸರದಿ ಬಂದಾಗ ಆಡುವವನು ಕೇವಲ ಪ್ರೇಕ್ಷಕನು. ನಾವು ಪರಿಶೀಲಿಸುತ್ತಿರುವ ಆಟವು ಈ ಪದ್ಧತಿಯನ್ನು ಬಿಡದೆಯೇ ಮಾರ್ಪಡಿಸಿತು. ಇಲ್ಲಿ ಅಣ್ಣ ಮಾರಿಯೋಗೆ ಒಂದು ಗುಂಡಿ, ತಮ್ಮ ಲುಯಿಜಿಗೆ ಮತ್ತೊಂದು. ಶತ್ರುವಿನ ತಲೆಯ ಮೇಲೆ ಕಾಲು ತಾಗುವ ಕ್ಷಣದಲ್ಲಿಯೇ ಗುಂಡಿಯನ್ನೊತ್ತಿದರೆ ಪೆಟ್ಟು ಬಲವಾಗುತ್ತದೆ. ಶತ್ರು ಎರಗಿದಾಗ ಸಕಾಲಕ್ಕೆ ಜಿಗಿದರೆ ಪೆಟ್ಟೇ ತಪ್ಪುತ್ತದೆ. ಆತನು ಇಬ್ಬರಲ್ಲಿ ಯಾರ ಮೇಲೆ ಬೀಳುವನೆಂಬುದನ್ನು ಆತನ ಹಾವಭಾವದಿಂದಲೇ ಊಹಿಸಬೇಕು. 1996ರಲ್ಲಿ ಸ್ಕ್ವೇರ್ ಸಂಸ್ಥೆಯು ರಚಿಸಿದ ‘ಸೂಪರ್ ಮಾರಿಯೋ ಆರ್‌ಪಿಜಿ’ಯಲ್ಲಿ ಈ ಮಾರ್ಗದ ಸೂಚನೆ ಕಂಡಿತ್ತು. ಅದರ ನಿರ್ದೇಶಕರಲ್ಲೊಬ್ಬರಾದ ಯೋಶಿಹಿಕೊ ಮಾಯೆಕಾವಾ ಅವರೇ ಈ ಆಟವನ್ನೂ ನಿರ್ದೇಶಿಸಿದರು.

ಇನ್ನು ಹಾಸ್ಯದ ವಿಚಾರ. ಕಥೆಯೇ ಒಂದು ಪ್ರಹಸನ. ಕ್ಯಾಕ್ಲೆಟ್ಟಾ ಎಂಬ ಮಾಟಗಾತಿಯು ರಾಜಕುಮಾರಿ ಪೀಚಳನ್ನಲ್ಲ, ಆಕೆಯ ಕಂಠಸ್ವರವನ್ನು ಕದಿಯುತ್ತಾಳೆ. ಕದ್ದದ್ದು ಬೇರೊಬ್ಬರ ಸ್ವರವೆಂಬುದು ತರುವಾಯ ತಿಳಿಯುತ್ತದೆ. ಲುಯಿಜಿಯು ಅಂಜುಬುರುಕ, ಈ ಪ್ರಯಾಣಕ್ಕೆ ಇಷ್ಟವಿಲ್ಲದೆಯೇ ಎಳೆಯಲ್ಪಟ್ಟವನು. ತಮ್ಮನು ಸುತ್ತಿಗೆಯಿಂದ ಹೊಡೆದರೆ ಅಣ್ಣನು ಕುಗ್ಗಿ ಕುಳ್ಳನಾಗುತ್ತಾನೆ. ಅಣ್ಣನು ಹೊಡೆದರೆ ತಮ್ಮನು ನೆಲದೊಳಕ್ಕೆ ಹೂತುಹೋಗುತ್ತಾನೆ. ಈ ನಗೆಚೇಷ್ಟೆಗಳೇ ಕಿರುಗಂಡಿಗಳನ್ನು ನುಸುಳಲು, ಬೇಲಿಗಳನ್ನು ಕೆಳಗಿನಿಂದ ದಾಟಲು ಉಪಾಯಗಳೂ ಆಗುತ್ತವೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದುಂಟು. ಕಥೆಯ ಮಾತುಗಳನ್ನಷ್ಟೇ ಓದಿದವರಿಗೆ ಲುಯಿಜಿಯು ಹಾಸ್ಯಾಸ್ಪದನಾದ ಅನುಚರನಂತೆ ತೋರುತ್ತಾನೆ. ಆದರೆ ಕಾಳಗದಲ್ಲಿ ಅವನಿಗೆ ಸಮಾನವಾದ ಗುಂಡಿಯೂ ಸಮಾನವಾದ ಸರದಿಯೂ ಉಂಟು; ಅವನಿಲ್ಲದೆ ಅಣ್ಣನ ದಾರಿ ಸಾಗದು. ಹಾಸ್ಯವು ಕೀಳುಮಾಡಿದವನನ್ನು ನಿಯಮವು ಸರಿಸಮನಾಗಿ ನಿಲ್ಲಿಸುತ್ತದೆ. ಈ ಅರ್ಥವು ಮಾತಿನಲ್ಲಿಲ್ಲ. ಆಡುವ ಕೈಬೆರಳುಗಳಿಗೆ ಮಾತ್ರ ತಿಳಿಯತಕ್ಕದ್ದು.

ಭಾಷೆಯ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಮಾಟಗಾತಿಯ ಅನುಚರನಾದ ಫಾಫುಲ್ ಎಂಬಾತನು ಆಂಗ್ಲ ಆವೃತ್ತಿಯಲ್ಲಿ ಆಡುವ ಮುರುಕು ವ್ಯಾಕರಣದ ಮಾತುಗಳು ಬಹು ಪ್ರಸಿದ್ಧವಾದವು. ಆ ನಗೆಯಲ್ಲಿ ಅನುವಾದಕರ ಪಾಲೂ ಸೇರಿದೆ. ಆದುದರಿಂದ ಆಂಗ್ಲ ಆವೃತ್ತಿಯೊಂದನ್ನೇ ಆಧರಿಸಿ ಜಪಾನೀಯರ ಹಾಸ್ಯಪ್ರಜ್ಞೆಯನ್ನು ನಿರ್ಣಯಿಸುವುದು, ಮೂಲವನ್ನು ನೋಡದೆ ಅನುವಾದದಿಂದ ಶಾಸನಪಾಠವನ್ನು ನಿರ್ಧರಿಸಿದಂತೆಯೇ ಸರಿ.

ಇಂತಹ ಆಕರದ ಗತಿಯೇನು? 2019ರಲ್ಲಿ ಆಲ್ಫಾಡ್ರೀಮ್ ದಿವಾಳಿಯಾಯಿತು. 2017ರಲ್ಲಿ ಇದೇ ಆಟದ ಹೊಸ ಆವೃತ್ತಿಯು ‘ತ್ರೀಡಿಎಸ್’ ಯಂತ್ರಕ್ಕೆ ಬಂದಿತ್ತು. ಆ ಯಂತ್ರದ ಅಂತರ್ಜಾಲ ಮಳಿಗೆಯು 2023ರ ಮಾರ್ಚಿನಲ್ಲಿ ಮಾರಾಟವನ್ನು ನಿಲ್ಲಿಸಿತು. ಅದೇ ವರ್ಷ ಮೂಲ ಆಟವು ನಿಂಟೆಂಡೊದ ಚಂದಾ ಸೇವೆಯಲ್ಲಿ ಮರಳಿ ದೊರೆಯಿತು. ಆದರೆ ಚಂದಾ ಮುಗಿದರೆ ಆಕರವೂ ಕೈತಪ್ಪುತ್ತದೆ. 2010ಕ್ಕೆ ಮೊದಲು ಅಮೆರಿಕದಲ್ಲಿ ಪ್ರಕಟವಾದ ವಿಡಿಯೋ ಆಟಗಳಲ್ಲಿ ಶೇಕಡ 87ರಷ್ಟು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನವು ತಿಳಿಸುತ್ತದೆ.

ತಾಳೆಗರಿಯನ್ನು ಪ್ರತಿ ಮಾಡಿಕೊಂಡರೆ ಗ್ರಂಥವು ಉಳಿಯುತ್ತದೆ. ಆಟದ ಸಂಭಾಷಣೆಯನ್ನು ಪ್ರತಿ ಮಾಡಿಕೊಂಡರೆ ಲುಯಿಜಿಯ ಅವಮಾನವು ಉಳಿಯುತ್ತದೆ, ಅವನ ಸಮಾನತೆಯು ಅಳಿಯುತ್ತದೆ. ಆದುದರಿಂದ ಆಡಬಲ್ಲ ಸ್ಥಿತಿಯಲ್ಲಿಯೇ ಇವುಗಳನ್ನು ಕಾಪಾಡುವುದು ಗ್ರಂಥಾಲಯಗಳ ಕರ್ತವ್ಯವಾಗಬೇಕು. ಮುಂದಿನ ಚರಿತ್ರಕಾರನು ನಮ್ಮ ಕಾಲದ ನಗೆಯನ್ನು ಕುರಿತು ಪ್ರಶ್ನಿಸಿದಾಗ, ಉತ್ತರ ಕೊಡಬಲ್ಲ ಸಾಕ್ಷಿಯು ಮೂಕವಾಗಿರಬಾರದು.