ಜಯಘೋಷದ ಸಾಲು: ಕ್ರಿಸ್ಟಲ್ ಸಿಟಿಯ ಪ್ರೌಢಶಾಲೆ

ಅಮೆರಿಕದ ಪ್ರೌಢಶಾಲೆಗಳಲ್ಲಿ ಫುಟ್‌ಬಾಲ್ ಪಂದ್ಯ ನಡೆಯುವಾಗ ಮೈದಾನದ ಅಂಚಿನಲ್ಲಿ ನಿಂತು ಪ್ರೇಕ್ಷಕರಿಂದ ಜಯಘೋಷ ಮಾಡಿಸುವ ವಿದ್ಯಾರ್ಥಿಗಳಿಗೆ ಚಿಯರ್‌ಲೀಡರುಗಳೆಂದು ಹೆಸರು. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಮೊದಲಾದ ಈ ಪದ್ಧತಿ ಆದಿಯಲ್ಲಿ ಗಂಡಸರದಾಗಿದ್ದು, ಕಾಲಕ್ರಮದಲ್ಲಿ ಹೆಣ್ಣುಮಕ್ಕಳ ಪಾಲಿಗೆ ಬಂದಿತು. 2008ರಲ್ಲಿ ನಮ್ಮ ಕ್ರಿಕೆಟ್ ಪಂದ್ಯಗಳಿಗೆ ಬಂದ ವೇತನದ ನರ್ತಕಿಯರಿಗೂ ಇವರಿಗೂ ಇರುವ ಹೋಲಿಕೆ ಹೊರನೋಟದ್ದು. ಶಾಲೆಯಲ್ಲಿ ಇದೊಂದು ಗೌರವಸ್ಥಾನ. ಅಲ್ಲಿ ನಿಂತವಳು ಇಡೀ ಊರಿನೆದುರು ಶಾಲೆಯ ಪ್ರತಿನಿಧಿ. ಆ ಸ್ಥಾನ ಯಾರದೆಂಬ ಪ್ರಶ್ನೆಯಿಂದ ಒಂದು ಸಾರ್ವಜನಿಕ ಶಾಲೆಯ ಆಡಳಿತವೇ ಕೈಬದಲಾದ ಬಗೆಯನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಟೆಕ್ಸಾಸ್ ಸಂಸ್ಥಾನದ ದಕ್ಷಿಣದಲ್ಲಿರುವ ಕ್ರಿಸ್ಟಲ್ ಸಿಟಿ ಪಾಲಕ್ ಸೊಪ್ಪಿನ ಬೇಸಾಯಕ್ಕೆ ಹೆಸರಾದ ಊರು. 1960ರ ದಶಕದಲ್ಲಿ ಅಲ್ಲಿನ ನಿವಾಸಿಗಳಲ್ಲಿ ಬಹುಪಾಲು ಜನ ಮೆಕ್ಸಿಕನ್ ಮೂಲದವರು, ಅವರಲ್ಲಿ ಅನೇಕರು ಕೃಷಿಕೂಲಿಗಳು; ಜಮೀನು ವ್ಯಾಪಾರಗಳು ಹೆಚ್ಚಾಗಿ ಅಲ್ಪಸಂಖ್ಯಾತ ಬಿಳಿಯರವು. ಶಾಲೆಯ ಬಾಗಿಲೇನೋ ಎಲ್ಲರಿಗೂ ತೆರೆದಿದ್ದಿತು. ಆದರೆ ನಾಲ್ವರು ಚಿಯರ್‌ಲೀಡರುಗಳಲ್ಲಿ ಮೂವರು ಬಿಳಿಯರು, ಒಬ್ಬಳು ಮಾತ್ರ ಮೆಕ್ಸಿಕನ್ ಮೂಲದವಳು ಎಂಬುದು ಬರೆಯದ ಕಟ್ಟಳೆ. ಆಯ್ಕೆ ಅಧ್ಯಾಪಕರದು. 1969ರ ವಸಂತದಲ್ಲಿ ಸ್ಥಾನಗಳು ತೆರವಾದಾಗ, 'ನಿಮ್ಮವಳೊಬ್ಬಳು ಇದ್ದಾಳಲ್ಲ' ಎಂಬ ನ್ಯಾಯದಿಂದಲೇ ಮತ್ತೊಬ್ಬ ಹುಡುಗಿಯನ್ನು ಕೈಬಿಟ್ಟರು.

ಅದೇ ವರ್ಷದ ಶರತ್ಕಾಲದಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವು ತನ್ನ ಉತ್ಸವದ ರಾಣಿಗೊಂದು ಅರ್ಹತೆ ವಿಧಿಸಿತು: ಆಕೆಯ ತಂದೆತಾಯಿಗಳಲ್ಲಿ ಒಬ್ಬರಾದರೂ ಇದೇ ಶಾಲೆಯಲ್ಲಿ ಓದು ಮುಗಿಸಿರಬೇಕು. ಈ ನಿಯಮದ ಜಾಣ್ಮೆ ಗಮನಾರ್ಹ. ಜನಾಂಗದ ಹೆಸರೇ ಅದರಲ್ಲಿಲ್ಲ. ಆದರೆ ಕೂಲಿಯ ಕುಟುಂಬಗಳು ಸುಗ್ಗಿಯನ್ನರಸಿ ಉತ್ತರದ ಹೊಲಗಳಿಗೆ ವಲಸೆ ಹೋಗುತ್ತಿದ್ದುದರಿಂದ, ಹಿಂದಿನ ತಲೆಮಾರಿನಲ್ಲಿ ಪ್ರೌಢಶಾಲೆ ಮುಗಿಸಿದವರು ವಿರಳ. ತಾಯಿಯ ಬಡತನ ಮಗಳ ಅನರ್ಹತೆಯಾಯಿತು.

ಡಿಸೆಂಬರ್ 9ರಂದು ವಿದ್ಯಾರ್ಥಿಗಳು ತರಗತಿಗಳನ್ನು ತೊರೆದು ಹೊರನಡೆದರು. ಕಿರಿಯ ತರಗತಿಗಳ ಮಕ್ಕಳೂ ಕ್ರಮೇಣ ಸೇರಿದರು. ಚಿಯರ್‌ಲೀಡರುಗಳನ್ನು ವಿದ್ಯಾರ್ಥಿಗಳೇ ಚುನಾಯಿಸಬೇಕೆಂಬ ಬೇಡಿಕೆಯೊಡನೆ ದ್ವಿಭಾಷಾ ಬೋಧನೆಯ ಬೇಡಿಕೆಯೂ ಪಟ್ಟಿಯಲ್ಲಿದ್ದಿತು. ಜಯಘೋಷದ ವಿಚಾರ ರಾಜಕೀಯಕ್ಕೊಂದು ನೆಪವಷ್ಟೆ ಎನ್ನುವವರಿರಬಹುದು. ನಮಗೆ ಹಾಗೆ ತೋರದು. ತರಗತಿಯೊಳಗಿನ ಅವಮಾನವನ್ನು ಮಕ್ಕಳು ಬಲ್ಲರು. ಮೈದಾನದಂಚಿನ ಸಾಲನ್ನು ಹೆತ್ತವರೂ ಕಣ್ಣಾರೆ ಎಣಿಸಬಲ್ಲರು.

ಕೇಂದ್ರ ನ್ಯಾಯ ಇಲಾಖೆಯ ಸಂಧಾನಕಾರರು ಬಂದ ಮೇಲೆ, 1970ರ ಜನವರಿಯಲ್ಲಿ ಶಾಲಾಮಂಡಲಿಯು ಬಹುತೇಕ ಬೇಡಿಕೆಗಳಿಗೆ ಒಪ್ಪಿತು. ಏಪ್ರಿಲ್ ಚುನಾವಣೆಯಲ್ಲಿ ಹೋಸೆ ಆಂಗೆಲ್ ಗುಟಿಯೆರೆಸ್ ಮತ್ತು ಅವರ ರಾಸಾ ಉನಿದಾ ಪಕ್ಷದ ಸಂಗಡಿಗರು ಗೆದ್ದು, ಮಂಡಲಿಯೇ ಅವರ ಕೈಸೇರಿತು.