ಕೊಂಡಿಯ ಮೇಲಿನ ಭಾರ

ದಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆ ಸೇರುವ ರಾಷ್ಟ್ರೀಯ ಹೆದ್ದಾರಿ 648, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳನ್ನು ಮುಟ್ಟುತ್ತದೆ. ಒಂದು ಗಾಡಿ ಇನ್ನೊಂದನ್ನು ಎಳೆದುಕೊಂಡು ಹೋಗುವುದು ಈ ಸೀಮೆಗೆ ಹೊಸದೇನಲ್ಲ. ರಾಗಿ ಹುಲ್ಲು, ನೀಲಗಿರಿ ಮರ, ಇಟ್ಟಿಗೆ, ಕೊಯಿರದ ಕಲ್ಲು ತುಂಬಿದ ಟ್ರೇಲರ್‌ಗಳು ಟ್ರ್ಯಾಕ್ಟರ್ ಹಿಂದೆ ಓಡಾಡುತ್ತಲೇ ಬಂದಿವೆ. ಎಸ್‌ಯುವಿ ಹಿಂದೆ ಪುಟ್ಟ ಮನೆಯಂಥ ಟ್ರೇಲರ್ ಕಟ್ಟಿಕೊಂಡು, ಒಳಗೆ ಹಾಸಿಗೆ, ಸ್ಟೌ, ನೀರಿನ ಟ್ಯಾಂಕ್ ಇಟ್ಟುಕೊಂಡು, ಶನಿವಾರ ಬೆಳಿಗ್ಗೆ ಮನೆಮಂದಿಯೆಲ್ಲ ಹೊರಟುಬಿಡುವ ಆಸೆ ಮಾತ್ರ ಹೊಸದು. ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಕ್ಯಾರವಾನ್‌ಗಳು ಬಹುತೇಕ ಸ್ವಂತ ಎಂಜಿನ್ ಇರುವಂಥವು. ಅವನ್ನು ಬಿಟ್ಟು ಎಳೆಯುವ ಟ್ರೇಲರ್ ಕಡೆಗೆ ಮನಸ್ಸು ಹೊರಳಿದವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ನನ್ನ ಗಾಡಿ ಎಷ್ಟು ಎಳೆಯುತ್ತೆ?’

ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಇವತ್ತಿನ ಡೀಸೆಲ್ ಎಸ್‌ಯುವಿಗಳ ಎಂಜಿನ್‌ಗೆ ಎಳೆಯುವುದು ದೊಡ್ಡ ಕೆಲಸವಲ್ಲ. ಎಳೆದದ್ದನ್ನು ನಿಲ್ಲಿಸಬೇಕು, ಅದರ ಭಾರದಲ್ಲಿ ಒಂದು ಪಾಲನ್ನು ಬೆನ್ನ ಮೇಲೆ ಹೊರಬೇಕು, ಅಡ್ಡಾದಿಡ್ಡಿ ಬಾಲ ಬೀಸದಂತೆ ನೇರ ನಡೆಸಬೇಕು. ಅನಾಹುತ ಆಗುವುದು ಈ ಮೂರು ಕಡೆ.

ಎತ್ತಿನ ಗಾಡಿ ಹೂಡಿ ಗೊತ್ತಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ವ್ಯಾಪಾರಕ್ಕೆ ಕೂತ ಹಿರಿಯರನ್ನು ಮಾತಿಗೆಳೆದು ನೋಡಿ. ಗಾಡಿಗೆ ಹೇರು ತುಂಬಿದ ಮೇಲೆ ಎತ್ತು ಕಟ್ಟುವ ಮೊದಲು ಒಬ್ಬರು ಮುಂದೆ ಬಂದು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಮೇಲೇಳದಷ್ಟು ಭಾರವಿದ್ದರೆ ‘ಮುಂಭಾರ ಆಯ್ತು’ ಎಂದು ಒಂದೆರಡು ಮೂಟೆ ಹಿಂದಕ್ಕೆ ಸರಿಸುತ್ತಿದ್ದರು. ಮೂಕಿ ಹಗುರಾಗಿ ಮೇಲೆದ್ದುಬಿಟ್ಟರೆ ‘ಹಿಂಭಾರ’. ಆಗ ಮೂಟೆ ಮುಂದಕ್ಕೆ ಬರಬೇಕು. ಮುಂಭಾರದ ಗಾಡಿಯಲ್ಲಿ ನೊಗ ಎತ್ತಿನ ಹೆಗಲನ್ನು ತಿನ್ನುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತದೆ. ಏರು ಹತ್ತುವಾಗ ಹಿಂಭಾರದ ಗಾಡಿ ಎತ್ತುಗಳನ್ನೇ ಮೇಲಕ್ಕೆತ್ತಿಬಿಡುವ ಅಪಾಯವೂ ಉಂಟು. ನೊಗದ ಮೇಲೆ ಸ್ವಲ್ಪ ಭಾರ ಇರಲೇಬೇಕು, ಹೆಚ್ಚು ಇರಬಾರದು. ಈ ಹದ ಕೈಗೆ ಗೊತ್ತಿತ್ತು.

ಎಸ್‌ಯುವಿ ಮತ್ತು ಟ್ರೇಲರ್ ನಡುವಿನ ಲೆಕ್ಕವೂ ಇದೇ. ಒಂದೇ ಅಚ್ಚಿನ ಟ್ರೇಲರ್ ತನ್ನ ಭಾರವನ್ನೆಲ್ಲ ತನ್ನ ಚಕ್ರಗಳ ಮೇಲೆ ಇಟ್ಟುಕೊಳ್ಳುವುದಿಲ್ಲ. ಒಂದು ಪಾಲನ್ನು ಕೊಂಡಿಯ ಮೂಲಕ ಎಸ್‌ಯುವಿಯ ಬೆನ್ನಿಗೆ ಹಾಕುತ್ತದೆ. ಅಮೆರಿಕದಲ್ಲಿ ಈ ಪಾಲು ಲೋಡ್ ಆದ ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟು ಇರಬೇಕೆಂಬುದು ರೂಢಿ. ಯುರೋಪಿನಲ್ಲಿ ಟ್ರೇಲರ್‌ಗಳ ರಚನೆ ಬೇರೆ, ವೇಗದ ಮಿತಿ ಬೇರೆ. ಅಲ್ಲಿ ಶೇ 5ರಿಂದ 7ಕ್ಕೂ ಒಪ್ಪುತ್ತಾರೆ. ಇದಕ್ಕಿಂತ ಕಡಿಮೆಯಾದರೆ, ಅಂದರೆ ಟ್ರೇಲರ್ ಹಿಂಭಾರವಾದರೆ, ಕೊಂಡಿ ಎಸ್‌ಯುವಿಯ ಹಿಂಬದಿಯನ್ನು ಮೇಲಕ್ಕೆತ್ತಲೂಬಹುದು. ಹಿಂದಿನ ಟಯರ್‌ಗಳ ಹಿಡಿತ ಸಡಿಲಾಗುತ್ತದೆ. ಪಕ್ಕದಲ್ಲಿ ಕಂಟೇನರ್ ಲಾರಿ ಹಾದುಹೋದ ಗಾಳಿಗೆ ಟ್ರೇಲರ್ ಒಮ್ಮೆ ತೊನೆದರೆ ಸಾಕು, ಆ ತೊನೆತ ಪ್ರತಿ ಸಲವೂ ದೊಡ್ಡದಾಗುತ್ತಾ ಎಸ್‌ಯುವಿಯನ್ನೇ ತಿರುಗಿಸಿಬಿಡಬಹುದು. ಅಂಥ ಹೊತ್ತಿನಲ್ಲಿ ಸ್ಟಿಯರಿಂಗ್ ಅತ್ತಿತ್ತ ಎಳೆದಾಡಬಾರದು, ಗಾಬರಿಬಿದ್ದು ಬ್ರೇಕ್ ಒತ್ತಬಾರದು. ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಟ್ಟು ವೇಗ ತಾನಾಗಿ ಇಳಿಯಲು ಬಿಡಬೇಕು. ಟ್ರೇಲರ್‌ಗೆ ಚಾಲಕನ ಕೈಗೆ ಸಿಗುವ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಅದೊಂದನ್ನೇ ಹಗುರಾಗಿ ಒತ್ತಬಹುದು.

ಟ್ರ್ಯಾಕ್ಟರ್ ನೋಡಿ ಬೆಳೆದವರಿಗೆ ಇಲ್ಲೊಂದು ಧೈರ್ಯ ಸುಮ್ಮನೆ ಬಂದಿರುತ್ತದೆ. ತನ್ನ ತೂಕಕ್ಕಿಂತ ಎರಡು ಮೂರು ಪಟ್ಟು ಹೇರಿದ ಟ್ರೇಲರನ್ನು ಟ್ರ್ಯಾಕ್ಟರ್ ಎಳೆಯುವುದು ದಿನಾ ಕಾಣುವ ನೋಟ. ಟ್ರ್ಯಾಕ್ಟರ್ ನಡೆಯುವುದು ನಿಧಾನ, ಗೇರ್‌ಗಳು ಎಳೆಯಲೆಂದೇ ಆದವು, ಹಿಂದಿನ ಚಕ್ರಗಳು ದೊಡ್ಡವು. ಅಷ್ಟಿದ್ದೂ ಎರಡು ಚಕ್ರದ ಟ್ರೇಲರ್‌ನಲ್ಲಿ ಮುಂಭಾರ ಜಾಸ್ತಿಯಾದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಚಕ್ರ ನೆಲ ಬಿಡುತ್ತದೆ. ಬಂಪರಿಗೆ ಕಬ್ಬಿಣದ ತೂಕ ತೂಗುಹಾಕುವುದು ಅದಕ್ಕೇ. ಎಸ್‌ಯುವಿಯಲ್ಲಿ ನಾವು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತೇವೆ. ವೇಗ 40ರಿಂದ 80ಕ್ಕೆ ಏರಿದರೆ ಬ್ರೇಕ್ ತಡೆದು ನಿಲ್ಲಿಸಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೆಚ್ಚುತ್ತದೆ. ಹೀಗಾಗಿ ಟ್ರ್ಯಾಕ್ಟರಿನ ಲೆಕ್ಕವನ್ನು ಹೆದ್ದಾರಿಗೆ ತರಬಾರದು.

ಬ್ರೇಕಿನ ಮಾತು ಎಷ್ಟು ಮುಖ್ಯ ಎನ್ನುವುದಕ್ಕೆ ನಮ್ಮ ರಸ್ತೆಗಳಲ್ಲೇ ಓಡುವ ಗಾಡಿಗಳ ಉದಾಹರಣೆ ಇದೆ. ಮಹೀಂದ್ರ ಕಂಪನಿ ಸ್ಕಾರ್ಪಿಯೊ-ಎನ್ ಗಾಡಿಯನ್ನು ಆಸ್ಟ್ರೇಲಿಯಾದಲ್ಲೂ ಮಾರುತ್ತದೆ, ಅಲ್ಲಿ ಹೆಸರು ಬರಿ ಸ್ಕಾರ್ಪಿಯೊ. ಟ್ರೇಲರ್ ಎಳೆಯುವುದು ಅಲ್ಲಿ ಮನೆಮನೆಯ ಮಾತಾದ್ದರಿಂದ ಎಳೆಯುವ ಮಿತಿ ಪ್ರಕಟಿಸಲೇಬೇಕು. ಟ್ರೇಲರಿಗೆ ಸ್ವಂತ ಬ್ರೇಕ್ ಇದ್ದರೆ 2,500 ಕೆ.ಜಿ., ಇಲ್ಲದಿದ್ದರೆ 750 ಕೆ.ಜಿ. ಅದೇ ಕಂಪನಿಯ ಎಕ್ಸ್‌ಯುವಿ 700ಕ್ಕೆ ಬ್ರೇಕ್ ಇದ್ದರೆ 1,500, ಇಲ್ಲದಿದ್ದರೆ ಅದೇ 750. ಒಂದಕ್ಕಿಂತ ಇನ್ನೊಂದು ಸಾವಿರ ಕೆ.ಜಿ. ಹೆಚ್ಚು ಎಳೆಯುವ ಗಾಡಿ. ಟ್ರೇಲರಿನ ಬ್ರೇಕ್ ತೆಗೆದರೆ ಎರಡೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಎಂಜಿನ್ ಎಷ್ಟೇ ಬಲವಾಗಿರಲಿ, ಬ್ರೇಕ್ ಇಲ್ಲದ ಟ್ರೇಲರನ್ನು 750 ಕೆ.ಜಿ. ಮೀರಿ ಎಳೆಯಬಾರದು ಎಂದು ತಯಾರಕರೇ ಹೇಳಿದ ಹಾಗಾಯಿತು. ಭಾರತದಲ್ಲೂ ಟ್ರೇಲರ್‌ಗಳ ವರ್ಗೀಕರಣದಲ್ಲಿ ಮೊದಲ ಗೆರೆ ಬೀಳುವುದು ಇದೇ ತೂಕಕ್ಕೆ. 0.75 ಟನ್ ಒಳಗಿನದು ಟಿ1, ಅಲ್ಲಿಂದ 3.5 ಟನ್‌ವರೆಗೆ ಟಿ2.

ಹಾಗೆಂದು ಆಸ್ಟ್ರೇಲಿಯಾದ ಅಂಕಿಯನ್ನು ಇಲ್ಲಿನ ಗಾಡಿಗೆ ಅನ್ವಯಿಸುವಂತಿಲ್ಲ. ಅಲ್ಲಿಯ ಮಾದರಿಗೆ ಕೊಂಡಿ, ವೈರಿಂಗ್ ಎಲ್ಲ ಪರೀಕ್ಷೆಯಾಗಿ ಬಂದಿರುತ್ತವೆ. ಇಲ್ಲಿ ಮಾರುವ ಬಹುತೇಕ ಎಸ್‌ಯುವಿಗಳು ಕೊಂಡಿಯಿಲ್ಲದೆ ಬರುತ್ತವೆ. ಗಾಡಿಯ ಜತೆ ಕೊಟ್ಟ ಪುಸ್ತಕದಲ್ಲಿ ಟ್ರೇಲರ್ ಬಗ್ಗೆ ಒಂದು ಪುಟ ಇರುತ್ತದೆ; ‘ಈ ವಾಹನದಿಂದ ಟ್ರೇಲರ್ ಎಳೆಯಬೇಡಿ’ ಎಂದೇ ಅಲ್ಲಿ ಬರೆದಿರುವ ಗಾಡಿಗಳೂ ಇವೆ. ಹಾಗೆ ಬರೆದಿದ್ದರೆ ಮಾತು ಅಲ್ಲಿಗೆ ಮುಗಿಯಿತು.

ಎಳೆಯಬಹುದು ಎಂದಿದ್ದರೆ ಒಂದು ಲೆಕ್ಕ ಹಾಕೋಣ. ಎಸ್‌ಯುವಿ ಒಳಗೆ ಹೊರಬಹುದಾದ ಒಟ್ಟು ಭಾರ 500 ಕೆ.ಜಿ. ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಅಜ್ಜಿ, ಬೆಳೆದ ಇಬ್ಬರು ಮಕ್ಕಳು ಸೇರಿ 330. ಡಿಕ್ಕಿಯಲ್ಲಿ ಬಟ್ಟೆಬರೆ, ಪಾತ್ರೆಪಡಗ, ಕುಡಿಯುವ ನೀರಿನ ಎರಡು ಕ್ಯಾನ್ ಸೇರಿ 80. ಟ್ರೇಲರಿನ ಖಾಲಿ ತೂಕ 900 ಎಂದು ಮಾರುವವರು ಹೇಳಿದ್ದಾರೆ. ಅದಕ್ಕೆ ನೂರು ಲೀಟರ್ ನೀರು ತುಂಬಿಸಿದರೆ ನೂರು ಕೆ.ಜಿ. ಸೇರಿತು. ಇನ್ವರ್ಟರ್ ಬ್ಯಾಟರಿ ಐವತ್ತರ ಮೇಲೆ, ತುಂಬಿದ ಅಡುಗೆ ಅನಿಲದ ಸಿಲಿಂಡರ್ ಮೂವತ್ತರ ಆಸುಪಾಸು. ಹಾಸಿಗೆ, ಟೆಂಟು, ಮಡಚುವ ಕುರ್ಚಿ, ತಿಂಡಿ ಡಬ್ಬಿ ಎಲ್ಲ ಕೂಡಿಕೊಂಡು 1,200 ಆಗುವುದಕ್ಕೆ ಹೊತ್ತೇ ಬೇಡ. ಅದರ ಶೇ 10, ಅಂದರೆ 120 ಕೆ.ಜಿ. ಕೊಂಡಿಯ ಮೇಲೆ ಬೀಳುತ್ತದೆ. 330, 80, 120 ಕೂಡಿದರೆ 530. ಎಳೆಯುವ ಮಿತಿ 1,500 ಇದ್ದು ಟ್ರೇಲರ್ ಅದರೊಳಗೇ ಇದ್ದರೂ ಎಸ್‌ಯುವಿಯ ಬೆನ್ನಿಗೆ 30 ಕೆ.ಜಿ. ಹೆಚ್ಚಾಯಿತು. ಹೊರುವ ಮಿತಿ ಮೊದಲು ಮುಗಿಯುತ್ತದೆ, ಎಳೆಯುವ ಮಿತಿ ಆಮೇಲೆ. ಕೊಳ್ಳುವವರ ಕಣ್ಣು ತಪ್ಪುವುದು ಇಲ್ಲಿಯೇ. ಕೊಂಡಿಗೂ ಅದರದೇ ಮಿತಿ ಇರುತ್ತದೆ, ಅದರ ಮೇಲೆ ಅಚ್ಚೊತ್ತಿರುತ್ತದೆ. ಎಲ್ಲ ಮಿತಿಗಳಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.

ಬ್ರಿಟನ್ನಿನ ಕ್ಯಾರವಾನ್ ಸಂಘಗಳು ಹೊಸಬರಿಗೆ ಹೇಳುವ ಸೂತ್ರವೊಂದಿದೆ: ಲೋಡ್ ಆದ ಟ್ರೇಲರ್ ಎಳೆಯುವ ಕಾರಿನ ತೂಕದ ಶೇ 85 ಮೀರಬಾರದು. ಅಲ್ಲಿಯ ರಸ್ತೆಗೆ ಅದು ಸರಿ. ನಮ್ಮಲ್ಲಿ ಮುನ್ಸೂಚನೆಯಿಲ್ಲದ ಹಂಪ್, ಎದುರಿನಿಂದ ಬರುವ ಬೈಕ್, ಸರ್ವಿಸ್ ರಸ್ತೆಯಿಂದ ಥಟ್ಟನೆ ನುಗ್ಗುವ ಆಟೊ, ರಸ್ತೆ ಮೇಲೆ ಹರಡಿದ ರಾಗಿ ತೆನೆ ಎಲ್ಲ ಇವೆ. ಅರ್ಧದಷ್ಟು ತೂಕಕ್ಕೆ ನಿಲ್ಲಿಸಿಕೊಂಡವರು ಜಾಣರು ಎಂಬುದು ನನ್ನ ಅಭಿಪ್ರಾಯ.

ತೂಕವನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ನೆಲಮಂಗಲ, ಹೊಸಕೋಟೆ ಸುತ್ತಮುತ್ತ ಲಾರಿಗಳಿಗೆಂದು ವೇಬ್ರಿಡ್ಜ್‌ಗಳಿವೆ. ಪ್ರವಾಸಕ್ಕೆ ಹೊರಡುವ ದಿನ ಏನೇನು ತುಂಬುತ್ತೀರೋ ಅಷ್ಟನ್ನೂ ತುಂಬಿಕೊಂಡು, ಮನೆಯವರನ್ನೂ ಕೂರಿಸಿಕೊಂಡು ಅಲ್ಲಿಗೆ ಹೋಗಿ. ಮೊದಲು ಕೊಂಡಿ ಬಿಚ್ಚಿ ಟ್ರೇಲರನ್ನು ಪೂರ್ತಿ ತೂಗಿಸಿ; 1,200 ಬಂತು ಎನ್ನಿ. ಮತ್ತೆ ಕೊಂಡಿ ಹಾಕಿ, ಎಸ್‌ಯುವಿಯನ್ನು ತಟ್ಟೆಯಿಂದ ಆಚೆ ನಿಲ್ಲಿಸಿ, ಟ್ರೇಲರಿನ ಚಕ್ರಗಳು ಮಾತ್ರ ತಟ್ಟೆಯ ಮೇಲಿರುವಂತೆ ತೂಗಿಸಿ. 1,080 ಬಂದರೆ ಉಳಿದ 120 ಕೊಂಡಿಯ ಮೇಲಿದೆ. ಮೂರನೆಯ ಸಲ, ಕೊಂಡಿ ಹಾಕಿದ ಹಾಗೆಯೇ ಎಸ್‌ಯುವಿಯ ನಾಲ್ಕು ಚಕ್ರಗಳನ್ನಷ್ಟೇ ತೂಗಿಸಿ, ಆ ಅಂಕಿ ಗಾಡಿಯ ಒಟ್ಟು ತೂಕದ ಮಿತಿಯೊಳಗಿದೆಯೇ ನೋಡಿ. ಹೆಚ್ಚು ಕಡಿಮೆ ಇದ್ದರೆ ಅಲ್ಲೇ ಸಾಮಾನು ಹಿಂದೆ ಮುಂದೆ ಸರಿಸಿ. ಭಾರದ ಸಾಮಾನು ಅಚ್ಚಿನ ಮೇಲೆ ಅಥವಾ ಸ್ವಲ್ಪ ಮುಂದೆ, ನೆಲಮಟ್ಟದಲ್ಲಿ ಇರಲಿ. ಹಗುರದ್ದು ಮೇಲೆ, ಹಿಂದೆ.

ಕಾನೂನು ಕೂಡ ಇದನ್ನು ಹಗುರಾಗಿ ನೋಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಎಂಬುದು ಬೇರೆಯೇ ವಾಹನ. ಅದಕ್ಕೆ ಬೇರೆ ನೋಂದಣಿ ಬೇಕು. ಮಿತಿ ಮೀರಿದ ಭಾರಕ್ಕೆ 194ನೇ ಕಲಂ ಇದೆ. 2019ರ ತಿದ್ದುಪಡಿಯಾದ ಮೇಲೆ ಕಾಯ್ದೆ ಹೇಳುವ ದಂಡ ₹20,000, ಜತೆಗೆ ಹೆಚ್ಚಾದ ಪ್ರತಿ ಟನ್ನಿಗೆ ₹2,000. ಎಳೆಯುವ ಗಾಡಿಗೆ ಇನ್ನೊಂದು ಸೇರಿದಾಗ ಕಾನೂನಿನ ಕಣ್ಣಿಗೆ ಅದರ ಸ್ವರೂಪವೇ ಬದಲಾಗಬಹುದು. ಟ್ರ್ಯಾಕ್ಟರ್–ಟ್ರೇಲರ್ ಜೋಡಿ ಸರಕು ಸಾಗಣೆ ವಾಹನವೇ ಆಗುತ್ತದೆ ಎಂದು ನಟ್ವರ್ ಪಾರಿಖ್ ಕಂಪನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಕಟ್ಟಿಸಿದ, ನೋಂದಣಿಯಿಲ್ಲದ ಟ್ರೇಲರ್ ಎಳೆದುಕೊಂಡು ಹೋಗಿ ಅಪಘಾತವಾದರೆ ವಿಮೆಯ ಹಣಕ್ಕೂ ಪರದಾಡಬೇಕಾಗುತ್ತದೆ. ನಮ್ಮ ಕಡೆಯ ಕೆಲಸಗಾರರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಟ್ರ್ಯಾಕ್ಟರಿಗೆ ಅವರು ಕಟ್ಟುವ ಟ್ರೇಲರ್‌ಗಳು ಗಟ್ಟಿಮುಟ್ಟು. ಆದರೆ ಕಾರಿನ ಚಾಸಿಸ್‌ಗೆ ಕೊಂಡಿ ಬೆಸೆಯುವ ಕೆಲಸ ಕಂಪನಿ ಒಪ್ಪಿದ ಜಾಗದಲ್ಲಿ, ಒಪ್ಪಿದ ಬೋಲ್ಟಿನಲ್ಲೇ ಆಗಬೇಕು.

ನಂದಿ ಬೆಟ್ಟದ ಕಡೆ ಹೊರಡುವವರಿಗೆ ಒಂದು ಮಾತು: 1,478 ಮೀಟರ್ ಎತ್ತರದ ಆ ಬೆಟ್ಟದ ಕಡಿದಾದ ತಿರುವುಗಳಿಗೆ ಟ್ರೇಲರ್ ತರಬೇಡಿ, ಕೆಳಗೇ ಬಿಟ್ಟು ಹೋಗಿ. ಉಳಿದ ಇಳಿಜಾರುಗಳಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಕಾಯದಂತೆ ನೋಡಿಕೊಳ್ಳಿ.

ಟ್ರೇಲರಿಗೆ ಮುಂಗಡ ಕೊಡುವ ಮೊದಲು ಎಸ್‌ಯುವಿ ಕೊಂಡ ಷೋರೂಮಿನಲ್ಲಿ ಮೂರು ಅಂಕಿಗಳನ್ನು ಲಿಖಿತವಾಗಿ ಕೇಳಿ: ಬ್ರೇಕ್ ಇರುವ ಟ್ರೇಲರಿಗೆ ಎಷ್ಟು, ಬ್ರೇಕ್ ಇಲ್ಲದ್ದಕ್ಕೆ ಎಷ್ಟು, ಕೊಂಡಿಯ ಮೇಲೆ ಎಷ್ಟು. ಬಾಯಿಮಾತಿನ ಉತ್ತರ ಒಪ್ಪಬೇಡಿ. ಬರೆದುಕೊಡಲು ಅವರು ಹಿಂಜರಿದರೆ ಆ ಗಾಡಿಗೆ ಟ್ರೇಲರ್ ಕಟ್ಟುವುದು ಬೇಡ.