ಮುಖಗಳ ಮೇಲೆ ನಡೆದ ವಿಚಾರಣೆ

ಮಾತಿಲ್ಲದ ಸಿನಿಮಾಕ್ಕೆ ಬರೀ ಮಾತಿನದೇ ಆದ ಕಥೆಯನ್ನು ಆರಿಸಿಕೊಂಡವನ ಎದೆಗಾರಿಕೆಯನ್ನು ಮೊದಲು ಮೆಚ್ಚಬೇಕು. ಡೆನ್ಮಾರ್ಕಿನ ಕಾರ್ಲ್ ಥಿಯೊಡೋರ್ ಡ್ರೇಯರ್ 1927ರಲ್ಲಿ ಫ್ರಾನ್ಸಿನಲ್ಲಿ ಚಿತ್ರೀಕರಿಸಿ ಮರುವರ್ಷ ತೆರೆಗೆ ತಂದ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ಪೂರ್ತಿ ಒಂದು ವಿಚಾರಣೆ. ದೇವದೂತರು ತನ್ನೊಡನೆ ಮಾತಾಡುತ್ತಾರೆ ಎಂದ ಹತ್ತೊಂಬತ್ತರ ಹಳ್ಳಿ ಹುಡುಗಿ ಜೋನಳನ್ನು ಚರ್ಚಿನ ಪಂಡಿತರು ರೂವಾನ್ ನಗರದಲ್ಲಿ ತಿಂಗಳುಗಟ್ಟಲೆ ಪ್ರಶ್ನಿಸಿ, ಧರ್ಮದ್ರೋಹಿ ಎಂದು ತೀರ್ಮಾನಿಸಿದರು. 1431ರ ಮೇ 30ರಂದು ಅವಳನ್ನು ಜೀವಂತ ಸುಟ್ಟರು. ಅಂದಿನ ಸವಾಲು ಜವಾಬುಗಳು ಕಡತದಲ್ಲಿ ಉಳಿದಿವೆ. ಡ್ರೇಯರ್ ಅವನ್ನೇ ನೆಚ್ಚಿಕೊಂಡ. ಅವಳ ಬದುಕಿನ ಯುದ್ಧ, ಕುದುರೆ, ಪಟ್ಟಾಭಿಷೇಕಗಳನ್ನೆಲ್ಲ ಬಿಟ್ಟು, ತಿಂಗಳುಗಳ ವಿಚಾರಣೆಯನ್ನು ಒಂದೇ ದಿನದ್ದೆನ್ನುವಷ್ಟು ಒತ್ತಾಗಿಸಿದ.

ಉಳಿದದ್ದು ಮುಖಗಳು. ಅದುವರೆಗೆ ಹೆಚ್ಚಾಗಿ ಬಳಕೆಯಲ್ಲಿದ್ದ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಮನುಷ್ಯರ ಚರ್ಮ ಕಪ್ಪಗೆ, ಕಲೆಕಲೆಯಾಗಿ ಮೂಡುತ್ತಿದ್ದುದರಿಂದ ನಟರು ದಪ್ಪನೆ ಬಣ್ಣ ಬಳಿದುಕೊಳ್ಳಬೇಕಿತ್ತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಕೈಗೆ ಬಂದಾಗ ಡ್ರೇಯರ್ ಮೇಕಪ್ಪನ್ನೇ ಕೈಬಿಟ್ಟ. ಛಾಯಾಗ್ರಾಹಕ ರುಡಾಲ್ಫ್ ಮಾಟೆಯ ಕ್ಯಾಮೆರಾ ನ್ಯಾಯಾಧೀಶರ ನರುಲಿ, ಸುಕ್ಕು, ಗದರುವ ಬಾಯಿಂದ ಸಿಡಿದ ಎಂಜಲು, ಯಾವುದನ್ನೂ ಬಿಡಲಿಲ್ಲ. ಅವರನ್ನು ಕೆಳಗಿನಿಂದ ನೋಡಲು ನೆಲದಲ್ಲಿ ಗುಂಡಿ ತೋಡಿ ಕ್ಯಾಮೆರಾ ಇಳಿಸುತ್ತಿದ್ದರು. ನೆಲವೆಲ್ಲ ತೂತು ಬಿದ್ದದ್ದಕ್ಕೆ ಕೆಲಸಗಾರರು ನಿರ್ದೇಶಕನಿಗೆ ‘ಗ್ರುಯೇರ್’ ಎಂದು ಚೀಸಿನ ಹೆಸರಿಟ್ಟು ನಕ್ಕರಂತೆ.

ಸೆಟ್ಟಿನ ಕಥೆ ಇನ್ನೂ ವಿಚಿತ್ರ. ಹರ್ಮನ್ ವಾರ್ಮ್ ಮತ್ತು ಜಾನ್ ಹ್ಯೂಗೊ ಗೋಡೆ, ಗೋಪುರಗಳೊಂದಿಗೆ ಇಡೀ ಕೋಟೆಯನ್ನೇ ಕಟ್ಟಿದರು. ಬಿಳಿ ಆಕಾಶದೆದುರು ಬೂದಾಗಿ ಕಾಣಲೆಂದು ಗೋಡೆಗಳಿಗೆ ಗುಲಾಬಿ ಬಣ್ಣ ಬಳಿದರು. ತೆರೆಯ ಮೇಲೆ ಆ ಕೋಟೆ ಇಡಿಯಾಗಿ ಒಮ್ಮೆಯೂ ಕಾಣುವುದಿಲ್ಲ! ದುಡ್ಡು ಹಾಕಿದವರ ಸಂಕಟ ಅರ್ಥವಾಗುವಂಥದ್ದೇ. ಆದರೂ ದುಡ್ಡು ಪೋಲಾಯಿತೆಂದು ನಾನು ಒಪ್ಪಲಾರೆ. ಯಾರು ಎಲ್ಲಿ ಕೂತಿದ್ದಾರೆ, ಬಾಗಿಲು ಯಾವ ಕಡೆ ಎಂದು ನೋಡುವವರಿಗೆ ಗೊತ್ತಾಗಬಾರದು ಎಂಬುದೇ ಇಲ್ಲಿನ ಸಂಕಲನದ ಹಟ. ಒಂದು ಮುಖ, ಅದರ ಬೆನ್ನಿಗೇ ಇನ್ನೊಂದು. ಪ್ರಶ್ನೆ ಯಾವ ದಿಕ್ಕಿನಿಂದ ಬಂತೆಂದು ಜೋನ್ ತಡಕಾಡುವ ಹಾಗೆಯೇ ನಾವೂ ತಡಕಾಡುತ್ತೇವೆ.

ಸೆರೆಕೋಣೆಯ ಒಂದು ಪ್ರಸಂಗ ನೋಡಿ. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಶಿಲುಬೆಯಾಗಿ ಬಿದ್ದಿದೆ. ಅದನ್ನು ಕಂಡು ಜೋನಳ ಮುಖ ಅರಳುತ್ತದೆ. ಅಷ್ಟರಲ್ಲಿ ಒಬ್ಬ ಪಾದ್ರಿ ಒಳಬರುತ್ತಾನೆ. ಬೆಳಕಿಗೆ ಅವನು ಅಡ್ಡವಾಗುತ್ತಿದ್ದಂತೆ ಶಿಲುಬೆ ಮಾಯ. ಹಿತೈಷಿಯಂತೆ ನಟಿಸುವ ಅವನ ಕೈಯಲ್ಲಿ ರಾಜನ ಖೋಟಾ ಸಹಿಯ ಕಾಗದ. ಅವಳಿಗೋ ಓದು ಬಾರದು. ವಂಚನೆಯನ್ನು ಬರಹದ ಫಲಕ ವಿವರಿಸುವ ಮೊದಲೇ ನೆರಳು ಹೇಳಿಬಿಟ್ಟಿರುತ್ತದೆ.

ಜೋನ್ ಆದ ರೆನೆ ಫಾಲ್ಕೊನೆಟ್ಟಿ ಪ್ಯಾರಿಸಿನ ರಂಗನಟಿ, ಹಗುರ ಹಾಸ್ಯನಾಟಕಗಳಲ್ಲಿ ಹೆಸರಾದವಳು. ದೃಶ್ಯಗಳನ್ನು ಕಥೆಯ ಕ್ರಮದಲ್ಲೇ ತೆಗೆದದ್ದರಿಂದ ದಣಿವು ಮುಖದಲ್ಲಿ ದಿನದಿನಕ್ಕೆ ಕೂಡುತ್ತ ಹೋಗುತ್ತದೆ. ಕೊನೆಯ ಭಾಗದಲ್ಲಿ ತಲೆಗೂದಲು ಕತ್ತರಿಸುವಾಗ ಉದುರುವುದು ಅವಳದೇ ಕೂದಲು. ನನಗೆ ಹೆಚ್ಚು ನಾಟಿದ್ದು ಅದಲ್ಲ, ಪ್ರಾರ್ಥನೆ ಕಲಿಸಿದವರು ಯಾರು ಎಂಬ ಪ್ರಶ್ನೆಗೆ ಅಮ್ಮ ಎನ್ನುವಾಗ ಅವಳ ಕೆನ್ನೆಯ ಮೇಲೆ ಅವಸರವಿಲ್ಲದೆ ಇಳಿಯುವ ಒಂದು ಹನಿ. ಸುಡುವಾಗಿನ ದೊಂಬಿಯಲ್ಲಿ ಕ್ಯಾಮೆರಾ ತಲೆಕೆಳಗಾಗುವ ಚಮತ್ಕಾರ ಅದರ ಮುಂದೆ ಸಪ್ಪೆ.

ಚಿತ್ರದ ಹಣೆಬರಹವೂ ಬೆಂಕಿಯದೇ. ಫ್ರಾನ್ಸಿನಲ್ಲಿ ಸೆನ್ಸಾರಿನ ಕತ್ತರಿ ಬಿತ್ತು, ಬ್ರಿಟನ್ನಿನಲ್ಲಿ ನಿಷೇಧ. 1928ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಮೂಲ ನೆಗೆಟಿವ್ ಸುಟ್ಟುಹೋಯಿತು. ಬಿಟ್ಟಿದ್ದ ಶಾಟ್‌ಗಳಿಂದ ಡ್ರೇಯರ್ ಕಟ್ಟಿದ ಎರಡನೆಯ ಆವೃತ್ತಿಯ ನೆಗೆಟಿವ್ವೂ ಬೆಂಕಿಯ ಪಾಲಾಯಿತು. ಕೊನೆಗೆ 1981ರಲ್ಲಿ ಓಸ್ಲೊ ಬಳಿಯ ಡಿಕೆಮಾರ್ಕ್ ಮಾನಸಿಕ ಆಸ್ಪತ್ರೆಯಲ್ಲಿ, ಕತ್ತರಿ ಬೀಳುವ ಮುಂಚಿನ ಪ್ರತಿಯೊಂದು ಸಿಕ್ಕಿತು. ಡ್ರೇಯರ್ ತಾನೇ 1968ರಲ್ಲಿ ತೀರಿಹೋಗಿದ್ದ.

ಇಂಥದೇ ಸಂಗೀತ ಇರಲಿ ಎಂದು ಅವನು ಗೊತ್ತುಮಾಡಿ ಹೋಗಿಲ್ಲವಾದ್ದರಿಂದ ಬೇರೆ ಬೇರೆಯವರು ಸಂಗೀತ ಕೂಡಿಸಿದ್ದಾರೆ. 1994ರ ರಿಚರ್ಡ್ ಐನ್‌ಹಾರ್ನನ ‘ವಾಯ್ಸಸ್ ಆಫ್ ಲೈಟ್’ ಅವುಗಳಲ್ಲಿ ಪ್ರಸಿದ್ಧ. ಮೊದಲ ಸಲ ನೋಡುವವರು ಮಾತ್ರ ಸದ್ದನ್ನು ಪೂರ್ತಿ ಆರಿಸಿ ಕೂರುವುದು ಒಳ್ಳೆಯದು. ಸಂಗೀತವನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಬಹುದು.